ಗ್ರಂಥಪಾತ

ಓಲೆಯ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಹಿಂದಿನ ಕಾಲದ ಲಿಪಿಕಾರರು ಕೆಲಸ ಮುಗಿದ ಮೇಲೆ ಕೊನೆಯ ಗರಿಯಲ್ಲಿ ತಮ್ಮದಾಗಿ ಒಂದೆರಡು ಮಾತುಗಳನ್ನು ಬರೆದಿಡುವ ಪದ್ಧತಿಯಿದ್ದಿತು. ಬೆನ್ನು ಬಾಗಿತು, ಕತ್ತು ನೊಂದಿತು, ಕಣ್ಣು ದಣಿಯಿತು. ಎದುರಿಗಿದ್ದ ಪುಸ್ತಕದಲ್ಲಿ ಕಂಡಂತೆ ಬರೆದುದಾಗಿದೆ. ಶುದ್ಧವಾಗಿರಲಿ ಅಶುದ್ಧವಾಗಿರಲಿ, ದೋಷವನ್ನು ಬರೆದವನ ಮೇಲೆ ಹೊರಿಸಬಾರದು ಎಂಬುದು ಆ ಮಾತುಗಳ ಸಾರಾಂಶ. ಈ ವಿನಯದಲ್ಲಿ ಸ್ವಲ್ಪ ಚಾತುರ್ಯವೂ ಸೇರಿಲ್ಲದಿಲ್ಲ. ಆದರೂ ಅಂತಹ ಲಿಪಿಕಾರರಲ್ಲಿ ಪ್ರಾಮಾಣಿಕರಾದವರು ಒಂದು ಧರ್ಮವನ್ನು ಪಾಲಿಸುತ್ತಿದ್ದರು. ಮೂಲದ ಗರಿಯನ್ನು ಹುಳು ತಿಂದಿದ್ದರೆ, ಅಥವಾ ಅಂಚು ಮುರಿದುಹೋಗಿದ್ದರೆ, ತಮ್ಮ ಪ್ರತಿಯಲ್ಲಿಯೂ ಅಷ್ಟು ಜಾಗವನ್ನು ಬರಿದಾಗಿ ಬಿಟ್ಟು ‘ಇಲ್ಲಿ ಗ್ರಂಥಪಾತ’ ಎಂದು ಗುರುತುಮಾಡುತ್ತಿದ್ದರು. ಓದುವವನಿಗೆ ಇಲ್ಲಿ ಏನೋ ಬಿದ್ದುಹೋಗಿದೆಯೆಂಬುದಾದರೂ ತಿಳಿಯುತ್ತಿತ್ತು. ಇನ್ನೊಂದು ಜಾತಿಯ ಲಿಪಿಕಾರರೂ ಇದ್ದರು. ತಾವೂ ಅಷ್ಟಿಷ್ಟು ಕವಿಗಳೆಂಬ ಅಭಿಮಾನದಿಂದ ಬಿದ್ದ ಜಾಗವನ್ನು ಸ್ವಂತ ಅಕ್ಷರಗಳಿಂದ ತುಂಬಿ, ಸಾಲನ್ನು ಸರಿಯಾಗಿಸಿ, ಹಳ್ಳವನ್ನು ಹುಲ್ಲಿನಿಂದ ಮುಚ್ಚಿದಂತೆ ಮುಚ್ಚಿಬಿಡುತ್ತಿದ್ದರು. ಗ್ರಂಥಸಂಪಾದನೆಯಲ್ಲಿ ತೊಡಗಿದ ವಿದ್ವಾಂಸರಿಗೆ ಮೊದಲನೆಯವರಿಂದ ಬಂದ ಕಷ್ಟ ಅಲ್ಪ. ಎರಡನೆಯವರಿಂದ ಬಂದುದು ಅಪಾರ.

ಈಗ ಪ್ರತಿಮಾಡುವ ಕೆಲಸವು ಯಂತ್ರದ ಪಾಲಿಗೆ ಬಂದಿದೆ. ಐನೂರು ಪುಟದ ಗ್ರಂಥವೊಂದು ದೇಶಾಂತರದ ಯಂತ್ರದಿಂದ ಹಳ್ಳಿಯ ಮನೆಯ ಯಂತ್ರಕ್ಕೆ ಕೆಲವು ನಿಮಿಷಗಳಲ್ಲಿ ಇಳಿದುಬರುವುದು. ಯಂತ್ರಕ್ಕೆ ಬೆನ್ನಿಲ್ಲ, ಕಣ್ಣಿಲ್ಲ, ತೂಕಡಿಕೆಯಿಲ್ಲ. ಆದುದರಿಂದ ಅದು ಮಾಡಿದ ಪ್ರತಿಯಲ್ಲಿ ಪ್ರಮಾದಕ್ಕೆ ಎಡೆಯಿಲ್ಲವೆಂದು ಜನರು ನಂಬಿರುವರು. ಈ ನಂಬಿಕೆ ಎಷ್ಟರ ಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ವಿಚಾರಮಾಡುವುದಕ್ಕೆ ಮಧುವನಹಳ್ಳಿಯ ಒಂದು ಮನೆಯಲ್ಲಿ ಈಚೆಗೆ ನಡೆದ ವೃತ್ತಾಂತವು ಅನುಕೂಲವಾಗಿದೆ.

ಮಧುವನಹಳ್ಳಿಯು ಕೊಳ್ಳೇಗಾಲದ ಮಗ್ಗುಲ ಊರು. ಈ ಸೀಮೆಯು ೧೯೫೬ರ ನವೆಂಬರ್ ೧ರ ವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದನ್ನು ಹಳಬರು ಇಂದಿಗೂ ಹೇಳುವುದುಂಟು. ಕನ್ನಡ ಪುಸ್ತಕ ಬೇಕಾದವರು ಆಗ ಗಡಿ ದಾಟಿ ಮೈಸೂರಿಗೆ ಹೋಗಿ ತರಬೇಕಾಗಿತ್ತು. ಹಾಗೆ ತಂದ ಪುಸ್ತಕಗಳಲ್ಲಿ ಷಡಕ್ಷರದೇವನ ‘ರಾಜಶೇಖರವಿಳಾಸ’ದ ಹಳೆಯ ಮುದ್ರಣವೊಂದು ಈ ಮನೆಯಲ್ಲಿತ್ತು. ಹದಿನೇಳನೆಯ ಶತಮಾನದ ಆ ಕವಿಯ ಹೆಸರು ನೆರೆಯ ಯಳಂದೂರಿನೊಡನೆ ಸೇರಿಕೊಂಡಿರುವುದರಿಂದ ಇತ್ತಲ ಜನರಿಗೆ ಅವನಲ್ಲಿ ಮನೆಯವನೆಂಬ ಸಲುಗೆ. ಮನೆಯ ಯಜಮಾನರು ಪ್ರಾಯದಲ್ಲಿ ಗಮಕಕ್ಕೆ ಹೆಸರಾದವರು; ಈಗ ಎಂಬತ್ತು ದಾಟಿದೆ. ಕಾರ್ತಿಕಮಾಸದ ಸೋಮವಾರಗಳಲ್ಲಿ ಅವರು ಆ ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟು ಓದುತ್ತಿದ್ದರು. ಬೀದಿಯವರು ಜಗಲಿಯಲ್ಲಿ ಕುಳಿತು ಕೇಳುತ್ತಿದ್ದರು.

ಆ ಕಾವ್ಯದಲ್ಲಿ ತಿರುಕೊಳವಿನಾಚಿಯ ಪ್ರಸಂಗವೊಂದುಂಟು. ರಾಜಕುಮಾರನೂ ಅವನ ಗೆಳೆಯನೂ ಕುದುರೆಯೇರಿ ಬರುವಾಗ ಆ ಬಡ ಶಿವಭಕ್ತೆಯ ಮಗು ಕುದುರೆಯ ಕಾಲ್ತುಳಿತಕ್ಕೆ ಸಿಕ್ಕಿ ಸಾಯುವುದು. ತಾಯಿಯು ಮಗುವಿನ ಕಳೇಬರವನ್ನು ಮುಂದಿಟ್ಟುಕೊಂಡು ಗೋಳಿಡುವಳು. ಅರಸನು ನ್ಯಾಯಕ್ಕಾಗಿ ತನ್ನ ಮಗನನ್ನೇ ಮರಣದಂಡನೆಗೆ ಒಪ್ಪಿಸುವನು. ಕನ್ನಡದಲ್ಲಿ ಕರುಣರಸಕ್ಕೆ ಉದಾಹರಣೆ ಕೊಡಬೇಕಾದಾಗ ಉಪಾಧ್ಯಾಯರ ನಾಲಗೆಗೆ ಮೊದಲು ಬರುವ ಭಾಗಗಳಲ್ಲಿ ಇದೊಂದು. ಯಜಮಾನರ ಮಡದಿಗೆ ಓದು ಬಾರದು. ಬೇರೆ ದಿನಗಳಲ್ಲಿ ಅಡಿಗೆಮನೆಯನ್ನು ಬಿಟ್ಟು ಬಾರದ ಆಕೆ, ಈ ಪ್ರಸಂಗವನ್ನು ಓದುವ ದಿನ ಮಾತ್ರ ನಡುಮನೆಯ ಬಾಗಿಲ ಹಿಂದೆ ಬಂದು ಕುಳಿತುಕೊಳ್ಳುತ್ತಿದ್ದರು. ಐವತ್ತೈದು ವರ್ಷಗಳ ಹಿಂದೆ ಆ ಮನೆಯಲ್ಲಿ ನಾಲ್ಕು ವರ್ಷದ ಗಂಡುಮಗುವೊಂದು ಜ್ವರದಿಂದ ತೀರಿಹೋಗಿತ್ತು. ಅದನ್ನು ಕುರಿತು ಅವರಿಬ್ಬರೂ ಮಾತನಾಡಿದ್ದನ್ನು ಕೇಳಿದವರಿಲ್ಲ. ವರ್ಷಕ್ಕೊಮ್ಮೆ ಆತನು ಓದುವುದು, ಆಕೆ ಕೇಳುವುದು, ಅಷ್ಟೆ.

ಪುಸ್ತಕವನ್ನು ಗೆದ್ದಲು ತಿಂದಿತು. ಯಜಮಾನರ ಕಣ್ಣೂ ಮಂಜಾಗುತ್ತ ಬಂದಿತು. ಕೊಳ್ಳೇಗಾಲದ ಕಾಲೇಜಿಗೆ ಹೋಗುವ ಮೊಮ್ಮಗಳು ಗಮಕವನ್ನು ಕೊಂಚ ಕಲಿತಿದ್ದಳು. ಮುಂದಿನ ಕಾರ್ತಿಕದಲ್ಲಿ ತಾನೇ ಓದುವೆನೆಂದೂ, ಪುಸ್ತಕವನ್ನು ಅಂತರಜಾಲದಿಂದ ಇಳಿಸಿಕೊಡುವೆನೆಂದೂ ಆಕೆ ಹೇಳಿದಳು. ಪದಚ್ಛೇದವನ್ನೂ ನಿಲ್ಲಿಸುವ ಎಡೆಗಳನ್ನೂ ಕಣ್ಣಿರುವಾಗಲೇ ಗುರುತುಹಾಕಿಕೊಡಬೇಕೆಂಬ ಆತುರ ಮುದುಕರದು.

ಹಳೆಯ ಭಾರತೀಯ ಪುಸ್ತಕಗಳು ಹೀಗೆ ಮನೆಗೆ ದೊರೆಯುವಂತಾದುದು ಎರಡು ದಶಕಗಳೀಚಿನ ಮಾತು. ೨೦೦೦ದ ಅನಂತರದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಯೋಜನೆ ನಡೆಯಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿಯವರು ಮುಂದಾಗಿ ಹೂಡಿದ ಹತ್ತು ಲಕ್ಷ ಪುಸ್ತಕಗಳ ಮಹಾಯೋಜನೆಯ ಅಂಗವದು. ಆಗ ಇಡಿಯ ಪುಸ್ತಕವನ್ನು ಒಮ್ಮೆಗೆ ಪಡೆಯುವಂತಿರಲಿಲ್ಲ. ಒಂದೊಂದು ಪುಟವೂ ಒಂದೊಂದು ಚಿತ್ರ. ಪುಟಗಳನ್ನು ಸಾಲಾಗಿ ಬರಮಾಡಿಕೊಂಡು ಒಟ್ಟಿಗೆ ಹೊಲಿಯುವ ಪುಟ್ಟ ತಂತ್ರಾಂಶಗಳನ್ನು ಕೆಲವು ಉತ್ಸಾಹಿಗಳು ಬರೆದು ಹಂಚಿದರು. ಮುಂದೆ ಆ ಪುಸ್ತಕಗಳಲ್ಲಿ ಬಹುಭಾಗವು ‘ಇಂಟರ್ನೆಟ್ ಆರ್ಕೈವ್’ ಎಂಬ ಭಂಡಾರವನ್ನು ಸೇರಿತು. ಬೇರೆ ಭಂಡಾರಗಳೂ ಉಂಟು. ಮಧುವನಹಳ್ಳಿಯ ಹುಡುಗಿಗೆ ಪುಸ್ತಕ ಸಿಕ್ಕಿದ್ದು ಯಾವುದರಲ್ಲಿ ಎಂಬುದು ಇಲ್ಲಿ ಅಪ್ರಸ್ತುತ.

ಮೊದಲ ರಾತ್ರಿ ಆಕೆ ಸಾಮಾನ್ಯ ಕ್ರಮದಲ್ಲಿಯೇ ಇಳಿಸತೊಡಗಿದಳು. ನೂರಕ್ಕೆ ಎಂಬತ್ತು ಭಾಗ ಬಂದಿದ್ದಾಗ ವಿದ್ಯುಚ್ಛಕ್ತಿ ನಿಂತಿತು. (ಇದೇ ಸೀಮೆಯ ಶಿವನಸಮುದ್ರದಿಂದ ೧೯೦೨ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ವಿದ್ಯುತ್ತು ಹರಿಯಿತೆಂಬುದನ್ನು ಮಕ್ಕಳು ಪಾಠದಲ್ಲಿ ಓದುವರು; ಮಳೆಗಾಲದ ರಾತ್ರಿಗಳಲ್ಲಿ ಸೀಮೆಯ ಹಳ್ಳಿಗಳು ಆ ಪಾಠವನ್ನು ಮರೆತಂತೆ ಕಾಣುವುವು.) ಮರುದಿನ ನೋಡಿದರೆ ಮತ್ತೆ ಮೊದಲಿನಿಂದ. ಎರಡನೆಯ ರಾತ್ರಿ ಪುಸ್ತಕ ಬಹು ಬೇಗ ಬಂದಿತು. ಹೆಸರು ಸರಿಯಾಗಿತ್ತು, ಪರಿಮಾಣವು ಹದಿನಾಲ್ಕು ಕಿಲೋಬೈಟು. ಹೋಳಿಗೆಯ ಕಾಗದದಲ್ಲಿ ಬರಿಯ ಚೀಟಿಯನ್ನು ಸುತ್ತಿಕೊಟ್ಟಂತೆ, ಗ್ರಂಥದ ಹೆಸರಿನ ಒಳಗೆ ‘ಅವಧಿ ತೀರಿದೆ, ಪುನಃ ಪ್ರವೇಶಿಸಿರಿ’ ಎಂಬ ಅರ್ಥದ ಸೂಚನೆಯೊಂದು ಕುಳಿತಿದ್ದಿತು. ಸಣ್ಣ ಪರಿಮಾಣವೇ ಇಂತಹ ಮೋಸವನ್ನು ಬಯಲುಮಾಡುವುದರಿಂದ ಅಪಾಯ ಹೆಚ್ಚಿಲ್ಲ.

ಆ ಮೇಲೆ ಆಕೆ ಗೆಳತಿಯರ ಸಲಹೆಯಂತೆ ‘ಡೌನ್‌ಲೋಡ್ ಮ್ಯಾನೇಜರ್’ ಎಂಬ ತಂತ್ರಾಂಶವನ್ನು ತಂದಳು. ಇದರ ಹುಟ್ಟು ಕಷ್ಟಕಾಲದಲ್ಲಿ ಆದುದು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ದೂರವಾಣಿಯ ತಂತಿಯ ಮೂಲಕ ತೆವಳುತ್ತಿದ್ದ ಆ ದಿನಗಳಲ್ಲಿ ಸಂಪರ್ಕವು ಒಮ್ಮೆ ಕಡಿದರೆ ಗಂಟೆಗಳ ಶ್ರಮವೆಲ್ಲ ನಷ್ಟ. ಲೋಕದ ಎಲ್ಲೆಡೆಯೂ ಇದೇ ಪಾಡು. ಕಡಿದಲ್ಲಿಂದ ಮುಂದುವರಿಸುವುದು ಹೇಗೆಂಬ ಚಿಂತೆಯಿಂದ ಇಂತಹ ತಂತ್ರಾಂಶಗಳು ಹುಟ್ಟಿದುವು. ೧೯೯೭ರಲ್ಲಿ ಪ್ರಕಟವಾದ ಎಚ್.ಟಿ.ಟಿ.ಪಿ. ೧.೧ ಎಂಬ ನಿಬಂಧನೆಯಲ್ಲಿ ಇದಕ್ಕೆ ಕ್ರಮವೂ ಏರ್ಪಟ್ಟಿತು. ಕೇಳುವ ಯಂತ್ರವು ‘ಇಂತಹ ಬೈಟಿನಿಂದ ಇಂತಹ ಬೈಟಿನ ವರೆಗೆ ಮಾತ್ರ ಕಳುಹಿಸು’ ಎನ್ನುವುದು. ಕೊಡುವ ಯಂತ್ರವು ಒಪ್ಪಿದರೆ ೨೦೬ ಎಂಬ ಸಂಕೇತದೊಡನೆ ಆ ತುಂಡನ್ನಷ್ಟೇ ಕಳುಹಿಸುವುದು. ಒಪ್ಪದಿದ್ದರೆ ೨೦೦ ಎಂದು ಹೇಳಿ ಮೊದಲಿನಿಂದ ಎಲ್ಲವನ್ನೂ ಸುರಿಯುವುದು. ಕೇಳಿದವನು ಸಂಕೇತವನ್ನು ಗಮನಿಸದೆ ಹಿಂದೆ ಬಂದ ಭಾಗಕ್ಕೆ ಇದನ್ನು ಹೊಂದಿಸಿದನೋ, ಅರ್ಧ ಪುಸ್ತಕದ ಬಾಲಕ್ಕೆ ಪೂರ್ಣ ಪುಸ್ತಕ ಅಂಟಿಕೊಂಡು ವಿಚಿತ್ರ ಪ್ರಾಣಿಯೊಂದು ಹುಟ್ಟುವುದು.

ತುಂಡು ಕೇಳಬಹುದೆಂದಾದ ಮೇಲೆ ಒಂದೇ ಕಾಲದಲ್ಲಿ ಹಲವು ತುಂಡುಗಳನ್ನು ಏಕೆ ಕೇಳಬಾರದು? ಈ ಉಪಾಯವೂ ತೀರ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸ್, ಬೊಲೋನ್ಯ ಮೊದಲಾದ ವಿದ್ಯಾಪೀಠಗಳ ಪುಸ್ತಕವ್ಯಾಪಾರಿಗಳು ಮೂಲಗ್ರಂಥವನ್ನು ಬಿಡಿ ಕಟ್ಟುಗಳಾಗಿ ಮಾಡಿ ಬಾಡಿಗೆಗೆ ಕೊಡುತ್ತಿದ್ದರು. ‘ಪೆಸಿಯಾ’ ಎಂದು ಅದರ ಹೆಸರು. ಒಬ್ಬನು ಮೊದಲ ಕಟ್ಟನ್ನು ಪ್ರತಿಮಾಡುತ್ತಿರುವಾಗಲೇ ಇನ್ನೊಬ್ಬನು ಎರಡನೆಯದನ್ನು ಮಾಡಬಹುದಾಗಿತ್ತು. ಕೆಲಸ ಬೇಗ ಸಾಗಿತು. ಆದರೆ ಕಟ್ಟುಗಳ ಸಂಧಿಸ್ಥಾನದಲ್ಲಿ ಬಿಟ್ಟುಹೋಗುವುದೂ ಬೇರೆ ಬೇರೆ ಮೂಲಗಳ ಪಾಠ ಬೆರೆಯುವುದೂ ಅಲ್ಲಿಯ ಪ್ರತಿಗಳಲ್ಲಿ ಕಾಣುವ ದೋಷ. ಕೊಳ್ಳೇಗಾಲದ ರೇಷ್ಮೆಯ ಮಗ್ಗದವರನ್ನು ಕೇಳಿದರೆ ಅವರೂ ಇದನ್ನೇ ಹೇಳುವರು: ಹಾಸಿನ ಎಳೆ ಕಡಿಯುವುದು ದೊಡ್ಡ ಮಾತಲ್ಲ, ಕಡಿದ ಎಳೆಗೆ ಅದರ ಜೋಡಿಯನ್ನೇ ಹುಡುಕಿ ಗಂಟುಹಾಕುವುದು ಮುಖ್ಯ.

ಅಂತರಜಾಲದ ದಾರಿಯಲ್ಲಿ ಸಾಗುವ ಪ್ರತಿಯೊಂದು ಪೊಟ್ಟಣಕ್ಕೂ ಲೆಕ್ಕದ ಚೀಟಿಯೊಂದು ಕಟ್ಟಿರುವುದು. ದಾರಿಯಲ್ಲಿ ಅಕ್ಷರ ಕೆಟ್ಟರೆ ಸಾಮಾನ್ಯವಾಗಿ ಅದು ಸಿಕ್ಕಿಬಿದ್ದು ಪೊಟ್ಟಣವು ಮತ್ತೆ ಬರುವುದು. ಹುಡುಗಿಯ ಪುಸ್ತಕ ಕೆಟ್ಟದ್ದು ದಾರಿಯಲ್ಲಲ್ಲ, ಮನೆಗೆ ಬಂದ ಮೇಲೆ. ಆಕೆಯ ತಂತ್ರಾಂಶವು ಪುಸ್ತಕದ ಪೂರ್ಣ ಪರಿಮಾಣದ ಜಾಗವನ್ನು ಮೊದಲೇ ಕಾದಿರಿಸಿ, ಅದನ್ನು ಸೊನ್ನೆಗಳಿಂದ ತುಂಬಿ, ಎಂಟು ಭಾಗ ಮಾಡಿ, ಎಂಟನ್ನೂ ಒಟ್ಟಿಗೆ ತರಿಸತೊಡಗಿತು. ಯಾವ ಭಾಗ ಎಲ್ಲಿಯ ವರೆಗೆ ಬಂದಿದೆಯೆಂಬುದಕ್ಕೆ ತನ್ನದೇ ಒಂದು ಕಿರುಕಡತವನ್ನು ಇಟ್ಟುಕೊಂಡಿತ್ತು. ನಡುರಾತ್ರಿ ಪುನಃ ವಿದ್ಯುತ್ತು ಹೋಯಿತು. ಆ ಕ್ಷಣದಲ್ಲಿ ಕಡತಕ್ಕೆ ‘ಬಂದಿತು’ ಎಂದು ಬರೆದಾಗಿತ್ತು. ಅಕ್ಷರಗಳು ಮಾತ್ರ ಇನ್ನೂ ತಟ್ಟೆಯ ಮೇಲೆ ಇಳಿದಿರಲಿಲ್ಲ. ಬೆಳಗ್ಗೆ ಯಂತ್ರವು ಕಡತವನ್ನು ನೋಡಿ, ಉಳಿದುದನ್ನು ತಂದು, ನೂರಕ್ಕೆ ನೂರು ಎಂದು ಹಸುರು ಗುರುತು ಹಾಕಿತು. ಶಾನುಭೋಗನ ಲೆಕ್ಕದಲ್ಲಿ ಕೆರೆ ತುಂಬಿದೆ, ಕೆರೆಯಲ್ಲಿ ನೀರಿಲ್ಲ.

ಪರಿಮಾಣ ಸರಿಯಾಗಿದ್ದಿತು. ಪುಸ್ತಕವೂ ತೆರೆಯಿತು. ಪಿ.ಡಿ.ಎಫ್. ಎಂಬ ರೂಪದ ಫೈಲಿನಲ್ಲಿ ಯಾವ ವಸ್ತು ಎಲ್ಲಿದೆಯೆಂಬ ಸೂಚಿಯು ಕೊನೆಯಲ್ಲಿರುವುದು ವಾಡಿಕೆ. ಬಾಲ ತುಂಡಾಗಿ ಬಂದ ಫೈಲು ತೆರೆಯಲು ಹಟಮಾಡುವುದಕ್ಕೆ ಇದೇ ಕಾರಣ. ಝಿಪ್ ಎಂಬ ಗಂಟುಗಳ ವಿಷಯವೂ ಹೀಗೆಯೇ. ಆದರೆ ಇಲ್ಲಿ ತಲೆಯೂ ಬಾಲವೂ ಕ್ಷೇಮವಾಗಿದ್ದು ನಡುವಿನ ಒಂದು ಭಾಗ ಮಾತ್ರ ಟೊಳ್ಳಾಗಿತ್ತು. ಮಂಗಳಪದ್ಯ ಕಂಡಿತು, ಕೊನೆಯ ಪುಟವೂ ಕಂಡಿತು. ಪುಸ್ತಕ ಬಂದಿತೆಂದು ಮನೆಯಲ್ಲಿ ಪಾಯಸವನ್ನೂ ಮಾಡಿದರು. ಹತ್ತು ದಿನಗಳ ಮೇಲೆ ಹುಡುಗಿ ಆ ಪ್ರಸಂಗಕ್ಕೆ ಬಂದಾಗ ಸಾಲಾಗಿ ನಲವತ್ತು ಪುಟಗಳು ಬೂದುಬಣ್ಣದ ಹಲಗೆಗಳಂತೆ ನಿಂತಿದ್ದುವು.

“ಏನವ್ವ, ಓದೋದು ನಿಲ್ಲಿಸಿಬಿಟ್ಟೆ?” ಎಂದರು ಮುದುಕರು.

“ಪುಟಗಳೇ ಇಲ್ಲ ತಾತ. ಎಲ್ಲ ಬಂದಿದೆ ಅಂತ ತೋರಿಸ್ತಾ ಇದೆ, ಒಳಗೆ ಏನೂ ಇಲ್ಲ.”

“ಬರೆದವನು ಜಾಗ ಬಿಟ್ಟು ಹೇಳಬೇಕಾಗಿತ್ತಲ್ಲವ್ವ” ಎಂದು ಅವರು ಅಂದರಂತೆ. ಪಾಠಶಾಲೆಯಲ್ಲಿ ಬೆಳೆದ ಬುದ್ಧಿ. ಯಂತ್ರವನ್ನೂ ಲಿಪಿಕಾರನೆಂದೇ ಭಾವಿಸಿತು. ಭಾವಿಸಿದುದರಲ್ಲಿ ತಪ್ಪೇನೂ ಇಲ್ಲ. ಕೆಟ್ಟ ಫೈಲುಗಳಲ್ಲಿ ತೆರೆಯಲಾರದೆ ಹೋಗುವವು ಸಾಧುಗಳು. ತಾವು ಕೆಟ್ಟಿರುವುದನ್ನು ತಾವೇ ಒಪ್ಪಿಕೊಳ್ಳುವುವು. ಸರಿಯಿರುವಂತೆ ತೆರೆದುಕೊಂಡು ನಡುವೆ ಟೊಳ್ಳಾಗಿರುವವೇ ಅಪಾಯಕಾರಿಗಳು. ಅವುಗಳ ಪ್ರತಿಯನ್ನು ಇನ್ನೊಬ್ಬರಿಗೆ ಕೊಟ್ಟು, ಅವರು ಮತ್ತೊಬ್ಬರಿಗೆ ಕೊಟ್ಟು, ಒಳ್ಳೆಯ ಪ್ರತಿಯು ಎಲ್ಲಿಯೂ ಇಲ್ಲವಾಗುವ ವರೆಗೂ ಯಾರಿಗೂ ತಿಳಿಯದು.

ಹಾಗಾದರೆ ಪ್ರತಿಯು ಸರಿಯಾಗಿದೆಯೆಂದು ತಿಳಿಯುವ ಬಗೆ ಹೇಗೆ? ಪ್ರತಿ ಅಕ್ಷರವನ್ನೂ ಮೂಲದೊಡನೆ ಹೋಲಿಸುವುದು ಒಂದು ದಾರಿ. ಮೂಲವು ಕೈಯಲ್ಲಿದ್ದರೆ ಪ್ರತಿಯೇ ಬೇಕಾಗದು. ಪೂರ್ವಿಕರು ಇದಕ್ಕೆ ಎಣಿಕೆಯ ದಾರಿಯನ್ನು ಹಿಡಿದರು. ಮೂವತ್ತೆರಡು ಅಕ್ಷರಗಳನ್ನು ಒಂದು ‘ಗ್ರಂಥ’ವೆಂದು ಎಣಿಸಿ, ಇಡಿಯ ಕೃತಿಯಲ್ಲಿ ಇಂತಿಷ್ಟು ಗ್ರಂಥಗಳಿವೆಯೆಂದು ಕೊನೆಯಲ್ಲಿ ಬರೆಯುತ್ತಿದ್ದರು. ಲಿಪಿಕಾರನ ಕೂಲಿಗೂ ಅದೇ ಲೆಕ್ಕ, ಪ್ರತಿಯ ಪರೀಕ್ಷೆಗೂ ಅದೇ ಲೆಕ್ಕ. ಆದರೆ ಎಣಿಕೆಯೊಂದೇ ಸಾಲದು. ಎರಡು ಪದಗಳು ಸ್ಥಾನ ಪಲ್ಲಟವಾದರೆ ಸಂಖ್ಯೆಯು ಬದಲಾಗದು. ವೇದವನ್ನು ಕಾಪಾಡಿದವರು ಇದನ್ನು ಚೆನ್ನಾಗಿ ಅರಿತಿದ್ದರು. ಕ್ರಮಪಾಠದಲ್ಲಿ ಪದಗಳನ್ನು ಎರಡೆರಡಾಗಿ ಹೆಣೆದು, ಜಟೆಯಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಹಿಂದುಮುಂದಾಗಿ ಹೇಳಿ, ಘನದಲ್ಲಿ ಮೂರನೆಯ ಪದವನ್ನೂ ಸೇರಿಸಿ ತಿರುಗಿಸುವರು. ಕೇಳುವವನಿಗೆ ಇದು ಕಸರತ್ತಿನಂತೆ ತೋರಬಹುದು. ಪದವೊಂದು ಜಾರಿದರೆ ಅದರ ನೆರೆಯ ಪದಗಳೆಲ್ಲ ಕೂಡಲೇ ಕೂಗಿಕೊಳ್ಳುವಂತೆ ಮಾಡಿದ ಕಟ್ಟು ಅದು. ಬರವಣಿಗೆಯ ನೆರವಿಲ್ಲದೆ, ಸ್ವರವೂ ಸೇರಿದಂತೆ ಅಷ್ಟು ದೊಡ್ಡ ವಾಙ್ಮಯವು ತಲೆಮಾರುಗಳನ್ನು ದಾಟಿತೆಂದರೆ ಅದಕ್ಕೆ ಭಕ್ತಿಯೆಷ್ಟು ಕಾರಣವೋ ಈ ಲೆಕ್ಕಾಚಾರವೂ ಅಷ್ಟೇ ಕಾರಣ.

ಯಂತ್ರಶಾಸ್ತ್ರಜ್ಞರೂ ಇದೇ ದಾರಿಯಲ್ಲಿ ನಡೆದಿರುವರು. ೧೯೫೦ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ರಿಚರ್ಡ್ ಹ್ಯಾಮಿಂಗ್ ಎಂಬಾತನು ತಪ್ಪನ್ನು ಕಂಡುಹಿಡಿಯುವುದಷ್ಟೇ ಅಲ್ಲದೆ ತಿದ್ದಿಕೊಳ್ಳಲೂ ಬಲ್ಲ ಸಂಕೇತಕ್ರಮವನ್ನು ಪ್ರಕಟಿಸಿದನು. ೧೯೬೧ರಲ್ಲಿ ವೆಸ್ಲಿ ಪೀಟರ್ಸನ್ ಎಂಬಾತನು ಭಾಗಾಕಾರದ ಶೇಷದಿಂದ ಪರೀಕ್ಷಿಸುವ ಸಿ.ಆರ್.ಸಿ. ಎಂಬ ಕ್ರಮವನ್ನು ಕೊಟ್ಟನು. ಝಿಪ್ ಗಂಟನ್ನು ಬಿಚ್ಚುವಾಗ ಆಗಾಗ ಕಾಣುವ ‘ಸಿ.ಆರ್.ಸಿ. ದೋಷ’ವೆಂಬ ನುಡಿ ಇದರದು. ೧೯೯೧ರಲ್ಲಿ ರೊನಾಲ್ಡ್ ರಿವೆಸ್ಟ್ ರಚಿಸಿದ ಎಂ.ಡಿ.೫ ಎಂಬ ಕ್ರಮವು ಎಷ್ಟೇ ದೊಡ್ಡ ಗ್ರಂಥವನ್ನಾದರೂ ಅರೆದು ಮೂವತ್ತೆರಡು ಅಕ್ಷರದ ಒಂದು ಮುದ್ರೆಯನ್ನು ಕೊಡುವುದು. ಗ್ರಂಥದಲ್ಲಿ ಒಂದು ಚುಕ್ಕೆ ಬದಲಾದರೂ ಮುದ್ರೆಯೆಲ್ಲವೂ ಬೇರೆಯಾಗುವುದು. ‘ಮೂವತ್ತೆರಡೇ?’ ಎಂದು ಮಧುವನಹಳ್ಳಿಯ ಹಿರಿಯರು ಎರಡು ಬಾರಿ ಕೇಳಿದರಂತೆ. ಗ್ರಂಥಸಂಖ್ಯೆಯ ಮೂವತ್ತೆರಡಕ್ಕೂ ಇದಕ್ಕೂ ಸಂಬಂಧವೇನೂ ಇಲ್ಲ, ಕಾಕತಾಳೀಯ. ಆದರೂ ಮುದುಕರಿಗೆ ಅಂದು ಯಂತ್ರದಲ್ಲಿ ಒಂದು ಬಗೆಯ ಗೌರವ ಹುಟ್ಟಿತೆಂದು ಮನೆಯವರು ಹೇಳುವರು. ೨೦೦೪ರಲ್ಲಿ ಚೀನದ ಸಂಶೋಧಕಿ ಶಿಯಾವೋಯುನ್ ವಾಂಗ್ ಮತ್ತು ಸಂಗಡಿಗರು ಎರಡು ಬೇರೆ ಗ್ರಂಥಗಳಿಗೆ ಒಂದೇ ಎಂ.ಡಿ.೫ ಮುದ್ರೆ ಬರುವಂತೆ ಮಾಡಿ ತೋರಿಸಿದ ಮೇಲೆ, ಕಪಟವನ್ನು ತಡೆಯುವ ಕೆಲಸಕ್ಕೆ ಎಸ್.ಎಚ್.ಎ.-೨೫೬ ಎಂಬ ಅರುವತ್ತನಾಲ್ಕು ಅಕ್ಷರದ ಮುದ್ರೆಯನ್ನು ಬಳಸುವರು. ಪುಸ್ತಕವು ಅಕಸ್ಮಾತ್ತಾಗಿ ಕೆಟ್ಟಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಹಳೆಯದೇ ಸಾಕು. ಇಂಟರ್ನೆಟ್ ಆರ್ಕೈವ್ ಮೊದಲಾದ ಕೆಲವು ಭಂಡಾರಗಳು ಪ್ರತಿ ಫೈಲಿನ ಮುದ್ರೆಯನ್ನೂ ಪಟ್ಟಿಯಲ್ಲಿ ಕೊಡುವುವು. ಸಾವಿರ ಜನ ಇಳಿಸಿಕೊಳ್ಳುವವರಲ್ಲಿ ಒಬ್ಬನಾದರೂ ಆ ಪಟ್ಟಿಯನ್ನು ತೆರೆಯುವನೋ ಎಂಬುದು ಸಂದೇಹ. ಯಂತ್ರದ ಬಾಯಿಂದ ‘ಮುಗಿಯಿತು’ ಎಂಬ ಮಾತು ಬಂದೊಡನೆ ಕೈತೊಳೆದುಕೊಳ್ಳುವುದು ಲೋಕದ ರೂಢಿ.

ಹುಡುಗಿ ಪಟ್ಟಿಯನ್ನು ತೆರೆದಳು. ಮುದ್ರೆ ಹೊಂದಲಿಲ್ಲ. ಆದರೆ ಈ ಬಾರಿ ಇಡಿಯ ಪುಸ್ತಕವನ್ನು ಮತ್ತೆ ತರಿಸುವ ಕಷ್ಟ ತಪ್ಪಿತು. ‘ಟೊರೆಂಟ್’ ಎಂಬ ಕ್ರಮದಲ್ಲಿಯೂ ಆ ಪುಸ್ತಕ ದೊರೆಯುತ್ತಿತ್ತು. ೨೦೦೧ರಲ್ಲಿ ಬ್ರಾಮ್ ಕೋಹೆನ್ ಎಂಬಾತನು ಹೊರತಂದ ಈ ಕ್ರಮಕ್ಕೆ, ಕದ್ದ ಚಲನಚಿತ್ರಗಳ ಸಹವಾಸದಿಂದ ಕೆಟ್ಟ ಹೆಸರು ಬಂದಿದೆ. ಗುಣವನ್ನು ನೋಡಿದರೆ ಅದರಷ್ಟು ಎಚ್ಚರದ ಲಿಪಿಕಾರನು ವಿರಳ. ಇಲ್ಲಿ ಪುಸ್ತಕವನ್ನು ಸಣ್ಣ ತುಣುಕುಗಳಾಗಿ ಮಾಡಿ ಒಂದೊಂದಕ್ಕೂ ಬೇರೆ ಮುದ್ರೆಯನ್ನು ಮೊದಲೇ ಬರೆದಿಟ್ಟಿರುವರು. ಕೆಟ್ಟ ಪ್ರತಿಯನ್ನು ಇದರ ಮುಂದಿಟ್ಟು ಪರೀಕ್ಷಿಸೆಂದರೆ, ತುಣುಕು ತುಣುಕನ್ನೂ ಅಳೆದು, ಸರಿಯಾದುವನ್ನು ಉಳಿಸಿಕೊಂಡು, ಕೆಟ್ಟುವನ್ನು ಮಾತ್ರ ಹೊಸದಾಗಿ ತರಿಸುವುದು. ಅರ್ಧ ಗಂಟೆಯಲ್ಲಿ ನಲವತ್ತು ಪುಟಗಳೂ ತುಂಬಿದುವು. ಮುದ್ರೆಯು ಮೂಲದೊಡನೆ ಅಕ್ಷರಶಃ ಹೊಂದಿತು. ಇಲ್ಲಿಗೆ ಯಂತ್ರದ ಕರ್ತವ್ಯ ಮುಗಿಯಿತು.

ಪುಸ್ತಕದ ಕಥೆ ಮಾತ್ರ ಮುಗಿಯಲಿಲ್ಲ. ಮರುದಿನ ಹುಡುಗಿ ಆ ಪ್ರಸಂಗವನ್ನು ಓದುತ್ತ ಒಂದು ಪುಟದ ಕೊನೆಯಿಂದ ಇನ್ನೊಂದು ಪುಟದ ಮೊದಲಿಗೆ ಹೋದಳು. ಮುದುಕರು ಕೈ ಎತ್ತಿದರು.

“ನಿಲ್ಲವ್ವ. ಮೇಲಿನ ಎರಡು ಸಾಲನ್ನ ಇನ್ನೊಂದು ಸಲ ಹೇಳು.”

ಹೇಳಿದಳು.

“ಈಗ ಕೆಳಗಿನದನ್ನ ಹೇಳು.... ಪ್ರಾಸ ನೋಡು, ಕೂಡಲಿಲ್ಲ. ನಡುವೆ ಏನೋ ಬಿದ್ದುಹೋಗಿದೆ.”

ಹಳೆಯ ಕನ್ನಡ ಪದ್ಯದ ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರವು ಒಂದೇ ವ್ಯಂಜನವಾಗಿರಬೇಕೆಂಬ ನಿಯಮವನ್ನು ವಾಚಕರು ಬಲ್ಲರು. ಈ ನಿಯಮವು ಕವಿಗಳಿಗೆ ಕೊಟ್ಟ ಕಾಟ ಕೊಂಚವಲ್ಲ. ಹೊಸಗನ್ನಡದ ಕವಿಗಳು ಅದನ್ನು ಕಿತ್ತೊಗೆದು ನಿಟ್ಟುಸಿರುಬಿಟ್ಟರು. ಅದರಿಂದ ಇಂತಹದೊಂದು ಉಪಯೋಗವೂ ಉಂಟೆಂಬುದನ್ನು ಮಾತ್ರ ಅಲಂಕಾರಿಕರು ಯಾರೂ ಹೇಳಿದಂತಿಲ್ಲ. ಪದ್ಯವು ತನ್ನ ಮುದ್ರೆಯನ್ನು ತನ್ನ ಮೈಮೇಲೆಯೇ ಹೊತ್ತುಕೊಂಡಿರುವುದು. ಒಂದು ಪದ್ಯದ ಪೂರ್ವಾರ್ಧಕ್ಕೆ ಇನ್ನೊಂದರ ಉತ್ತರಾರ್ಧ ಬಂದು ಸೇರಿದರೆ, ಛಂದಸ್ಸು ಕೂಡಿದರೂ ಪ್ರಾಸವು ಸುಳ್ಳುಸಾಕ್ಷಿ ಹೇಳದು.

ನಡೆದುದಿಷ್ಟೆ. ಬಹಳ ವರ್ಷಗಳ ಹಿಂದೆ ಯಾವುದೋ ಗ್ರಂಥಾಲಯದಲ್ಲಿ ಪುಟಗಳ ಚಿತ್ರ ತೆಗೆಯುತ್ತಿದ್ದವರ ಬೆರಳಿಗೆ ಎರಡು ಹಾಳೆಗಳು ಅಂಟಿಕೊಂಡು ಒಟ್ಟಿಗೆ ಮಗುಚಿದ್ದುವು. ಪುಟಸಂಖ್ಯೆಯಿದ್ದ ಮೇಲಂಚು ಚಿತ್ರದ ಚೌಕಟ್ಟಿನಿಂದ ಹೊರಗೆ ಉಳಿದುದರಿಂದ ಆ ಗುರುತೂ ಇಲ್ಲ. ಆ ಊನವನ್ನು ಸೇರಿಸಿಕೊಂಡೇ ಮುದ್ರೆಯನ್ನು ಬರೆದರು. ಊನವಾದ ಪ್ರತಿಯು ಊನವಾದ ಮೂಲದೊಡನೆ ಅಕ್ಷರಶಃ ಹೊಂದಿತು. ಹೊಂದಿತೆಂದು ಯಂತ್ರವು ಹೇಳಿದ್ದು ಸತ್ಯ. ಅದನ್ನು ಕೇಳಿದ್ದೂ ಅಷ್ಟನ್ನೇ. ಮೂಲವೇ ಪೂರ್ಣವಾಗಿದೆಯೆ ಎಂದು ಕೇಳಿದರೆ ಅದಕ್ಕೆ ಉತ್ತರ ಗೊತ್ತಿಲ್ಲ. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಪದ್ಯ ಬಾಯಿಗೆ ಬರುವ ಮನುಷ್ಯನು ಎಲ್ಲಿಯಾದರೂ ಉಳಿದಿರಬೇಕು. ಕಂಠಪಾಠವನ್ನು ಪಾಠಶಾಲೆಗಳಿಂದ ಓಡಿಸಿದವರು, ಎಲ್ಲವೂ ಯಂತ್ರದಲ್ಲಿರುವಾಗ ತಲೆಯಲ್ಲೇಕೆ ಎಂದು ವಾದಿಸುವರು; ವಾದವು ಸೊಗಸಾಗಿದೆ. ಯಂತ್ರದಲ್ಲಿರುವುದು ಸರಿಯೆಂದು ಯಾರು ನೋಡಿ ಹೇಳಬೇಕೆಂಬುದನ್ನು ಅವರು ಇನ್ನೂ ತಿಳಿಸಿಲ್ಲ.

ಬಿದ್ದುಹೋದ ಪುಟಗಳ ಪದ್ಯಗಳನ್ನು ಮುದುಕರು ನೆನಪಿನಿಂದ ಹೇಳತೊಡಗಿದರು; ಹುಡುಗಿ ಒಂದು ನೋಟುಪುಸ್ತಕದ ಹಾಳೆಗಳಲ್ಲಿ ಬರೆದುಕೊಂಡಳು. ಮೂರು ದಿನ ಹಿಡಿಯಿತು. ಕೆಲವು ಒಂದೇ ಉಸಿರಿಗೆ ಬಂದುವು. ಕೆಲವಕ್ಕೆ ಪ್ರಾಸವನ್ನು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯಬೇಕಾಯಿತು. ಒಂದು ಪದ್ಯ ಮಾತ್ರ ಬರಲೇ ಇಲ್ಲ. ಅದರ ಮೊದಲ ಪದವೂ ಪ್ರಾಸದ ಅಕ್ಷರವೂ ಗೊತ್ತು, ಭಾವವೂ ಗೊತ್ತು. ಅಷ್ಟು ಗೊತ್ತಿದ್ದರೆ ಅವರಂತಹ ಪಳಗಿದ ಕೈಗೆ ನಾಲ್ಕು ಪಾದ ಕಟ್ಟುವುದು ಕಷ್ಟವೇನಲ್ಲ, ಕಟ್ಟಿದರೆ ಗುರುತಿಸುವವರೂ ಈ ಸೀಮೆಯಲ್ಲಿ ಇಲ್ಲ. ಹುಡುಗಿ ಹಾಗೆಯೇ ಸೂಚಿಸಿದಳು. ಮುದುಕರು ತಲೆಯಲ್ಲಾಡಿಸಿ, ನಾಲ್ಕು ಸಾಲಿನ ಜಾಗ ಬಿಡುವಂತೆ ಹೇಳಿ, ಅಂಚಿನಲ್ಲಿ ‘ಇಲ್ಲಿ ಗ್ರಂಥಪಾತ’ ಎಂದು ಬರೆಯಿಸಿದರು.

ಕಾರ್ತಿಕದ ಮೂರನೆಯ ಸೋಮವಾರ ಓದು ನಡೆಯಿತು. ಜಗಲಿಯಲ್ಲಿ ಹಿಂದಿನಷ್ಟು ಜನರಿರಲಿಲ್ಲ. ಏಳೆಂಟು ಮಂದಿ ಇದ್ದರು. ಹುಡುಗಿಯ ಮುಂದೆ ಒಂದು ಕಡೆ ಯಂತ್ರ, ಇನ್ನೊಂದು ಕಡೆ ನೋಟುಪುಸ್ತಕ. ಅಜ್ಜಿ ಬಾಗಿಲ ಹಿಂದೆ ತಮ್ಮ ಜಾಗದಲ್ಲಿ ಕುಳಿತರು. ಬಿಟ್ಟ ಜಾಗ ಬಂದಾಗ ಹುಡುಗಿ ನಿಲ್ಲಿಸದೆ ಮುಂದಿನ ಪದ್ಯವನ್ನು ಎತ್ತಿಕೊಂಡಳು. ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಓದು ಮುಗಿದು, ಮಂಗಳಾರತಿಯಾಗಿ, ಜನರು ಎದ್ದುಹೋದ ಮೇಲೆ ಅಜ್ಜಿ ಒಳಗಿನಿಂದ ಬಂದು ಲೋಟವನ್ನು ಇಡುತ್ತ, “ನಡುವೆ ಒಂದನ್ನ ಬಿಟ್ಟುಬಿಟ್ಟೆಯಲ್ಲ ಮಗ, ಅದನ್ನ ನಿಮ್ಮ ತಾತ ನಿಧಾನವಾಗಿ ಹೇಳೋರು” ಎಂದರು. ಪದ್ಯವೇನೆಂದು ಕೇಳಿದರೆ ಆಕೆಗೆ ಪದಗಳು ಗೊತ್ತಿಲ್ಲ. ರಾಗ ಎಲ್ಲಿ ಇಳಿಯುತ್ತಿತ್ತು, ಎಷ್ಟು ಹೊತ್ತು ನಿಲ್ಲುತ್ತಿತ್ತು ಎಂಬುದನ್ನು ಮಾತ್ರ ಕೈಯಿಂದ ತೋರಿಸಿದರು. ಮುದುಕರು ಏನೂ ಹೇಳಲಿಲ್ಲ.

ಬೇರೆ ಮುದ್ರಣದ ಪ್ರತಿಯೊಂದು ಮೈಸೂರಿನ ಗ್ರಂಥಾಲಯವೊಂದರಲ್ಲಿ ಇರಬಹುದೆಂದು ಹುಡುಗಿಯ ಅಧ್ಯಾಪಕಿಯೊಬ್ಬರು ತಿಳಿಸಿರುವರು. ಪರೀಕ್ಷೆ ಮುಗಿದ ಮೇಲೆ ಹೋಗಿ ನೋಡುವುದೆಂದು ನಿಶ್ಚಯವಾಗಿದೆ. ಸರಿಪಡಿಸಿದ ಫೈಲಿನ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟು, ಅದರ ಮೂವತ್ತೆರಡಕ್ಷರದ ಮುದ್ರೆಯನ್ನು ದಿನಾಂಕದೊಡನೆ ನೋಟುಪುಸ್ತಕದ ಹೊದಿಕೆಯ ಮೇಲೆ ಬರೆದಿದ್ದಾರೆ. ಒಳಗೆ ಆ ನಾಲ್ಕು ಸಾಲಿನ ಜಾಗ ಬರಿದಾಗಿಯೇ ಇದೆ.